ಅಬ್ರಹಾಂ ಡಾರ್ಬಿಗೆ 101 ವರ್ಷ ಆಗಿತ್ತೇ?

ಕುಮಟೆಯ ಮಾಸ್ತರರೇ,

ನಿಮ್ಮ ಪತ್ರ ಓದಿ ಕಚೇರಿಯಲ್ಲಿ ಎಲ್ಲರೂ ನಕ್ಕೆವು, ಆಮೇಲೆ ನಾಚಿಕೊಂಡೆವು. 1709ರಲ್ಲಿ ಕೋಕ್ (ಮೊದಲೇ ಸುಟ್ಟು ಹದ ಮಾಡಿದ ಕಲ್ಲಿದ್ದಲು) ಉರಿಸಿ ಕಬ್ಬಿಣ ತೆಗೆದ ಅಬ್ರಹಾಂ ಡಾರ್ಬಿಯೇ 1779ರಲ್ಲಿ ಇಂಗ್ಲೆಂಡಿನ ಸೆವರ್ನ್ ನದಿಗೆ ಕಬ್ಬಿಣದ ಸೇತುವೆ ಕಟ್ಟಿದ ಅಂತ ಹೋದ ಸಂಚಿಕೆಯಲ್ಲಿ ಅಚ್ಚಾಗಿದೆ. ‘1678ರಲ್ಲಿ ಹುಟ್ಟಿದವನಿಗೆ ಆಗ 101 ವರ್ಷ, ಅಲ್ವಾ?’ ಎಂದು ಕೇಳಿದ್ದೀರಿ. ಲೆಕ್ಕ ಸರಿ, ತಪ್ಪು ನಮ್ಮದೇ. ಅವರು ಅಜ್ಜ, ಮಗ, ಮೊಮ್ಮಗ, ಮೂವರು. ಮೂವರ ಹೆಸರೂ ಅಬ್ರಹಾಂ. ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದರಿಂದ ಗಣಪತಿ, ಸುಬ್ರಾಯ, ಮತ್ತೆ ಗಣಪತಿ ಅಂತ ನಡುವೆ ಒಬ್ಬ ಬೇರೆಯವನು ಸಿಗುತ್ತಾನೆ. ಅಲ್ಲಿ ಆ ಅನುಕೂಲವೂ ಇಲ್ಲ.

ಅಜ್ಜ ಹುಡುಗನಾಗಿದ್ದಾಗ ಬರ್ಮಿಂಗ್‌ಹ್ಯಾಮಿನಲ್ಲಿ ಮಾಲ್ಟ್ (ಬಿಯರ್‌ಗೆ ಬಳಸುವ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬೀಸುವ ಗಿರಣಿ ಮಾಡುವವರ ಹತ್ತಿರ ಕೆಲಸ ಕಲಿತ. ಮಾಲ್ಟ್ ಒಣಗಿಸುವವರು ಹಸಿ ಕಲ್ಲಿದ್ದಲು ಉರಿಸುತ್ತಿರಲಿಲ್ಲ, ರುಚಿ ಕೆಡುತ್ತದೆ ಅಂತ ಅದನ್ನು ಮೊದಲೇ ಸುಟ್ಟು ಕೋಕ್ ಮಾಡಿಕೊಳ್ಳುತ್ತಿದ್ದರು. ಕಬ್ಬಿಣದ ಕುಲುಮೆಯಲ್ಲೂ ಅದೇ ತಾಪತ್ರಯ. ಕಲ್ಲಿದ್ದಲಿನ ಗಂಧಕ ಸೇರಿದರೆ ಕಬ್ಬಿಣ ಹಾಳು. ಹಾಗಾಗಿ ಎಲ್ಲರೂ ಮರದ ಇದ್ದಿಲನ್ನೇ ನೆಚ್ಚಿಕೊಂಡಿದ್ದರು. ಡಾರ್ಬಿ ಸೆವರ್ನ್ ನದಿಯ ಹತ್ತಿರದ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಒಂದು ಹಳೇ ಕುಲುಮೆ ಹಿಡಿದು ಕೋಕ್ ಹಾಕಿ ನೋಡಿದ. ಆ ಕಬ್ಬಿಣ ನೀರಾಗಿ ಹರಿಯುತ್ತಿತ್ತು. ಮರಳಿನ ಅಚ್ಚಿನಲ್ಲಿ ಪಾತ್ರೆ ಎರಕ ಹೊಯ್ಯುವ ಪೇಟೆಂಟ್ 1707ರಲ್ಲೇ ಅವನ ಕೈಲಿತ್ತು. ಎರಡೂ ಸೇರಿ ತೆಳ್ಳಗಿನ, ಅಗ್ಗದ ಅಡುಗೆ ಪಾತ್ರೆಗಳು ಬಂದವು. ನನ್ನನ್ನು ಕೇಳಿದರೆ ಸೇತುವೆಗಿಂತ ಈ ಪಾತ್ರೆಯೇ ದೊಡ್ಡದು. ಆದರೆ ಪಾತ್ರೆಯ ಎದುರು ನಿಂತು ಯಾರು ಫೋಟೋ ತೆಗೆಸಿಕೊಳ್ಳುತ್ತಾರೆ?

ಆ ಕಬ್ಬಿಣ ಸುತ್ತಿಗೆಗೆ ಮಾತ್ರ ಬಗ್ಗಲಿಲ್ಲ, ಬಡಿದರೆ ಒಡೆಯುತ್ತಿತ್ತು. ಬಡಿಯಲು ಬರುವಂಥ ಕಬ್ಬಿಣವನ್ನು ಕೋಕ್‌ನಿಂದಲೇ ತೆಗೆಯುವುದು ಮಗನಿಗೆ 1750ರ ದಶಕದಲ್ಲಿ ಸಾಧ್ಯವಾಯಿತು. ಅದಕ್ಕೂ ಮೊದಲು ಅವನು ಇನ್ನೊಂದು ಕೆಲಸ ಮಾಡಿದ್ದ. ಕುಲುಮೆಗೆ ಗಾಳಿ ಊದುವ ತಿದಿ ನಡೆಯುವುದು ನೀರಿನ ಚಕ್ರದಿಂದ, ಬೇಸಿಗೆಯಲ್ಲಿ ನಮ್ಮ ಘಟ್ಟದ ಹಳ್ಳಗಳ ಹಾಗೇ ಅಲ್ಲೂ ನೀರು ಸಣ್ಣಗಾಗುತ್ತಿತ್ತು, ಅದಕ್ಕೆ ಚಕ್ರ ದಾಟಿ ಕೆಳಗೆ ಬಂದ ನೀರನ್ನೇ ಉಗಿಯಂತ್ರ ಇಟ್ಟು ಮತ್ತೆ ಮೇಲಿನ ಕೆರೆಗೆ ಎತ್ತಿಸಿದ. ಈ ಮನೆತನದ ಬಹಳಷ್ಟು ಸಂಗತಿ ನಮಗೆ ಸಿಕ್ಕಿರುವುದು ಅವನ ಹೆಂಡತಿ ಅಬಿಯಾ ಬರೆದ ಒಂದು ಪತ್ರದಿಂದ. ಆಕೆ ಬರೆಯದೇ ಇದ್ದಿದ್ದರೆ ನಾವು ಇನ್ನೂ ಜಾಸ್ತಿ ತಪ್ಪು ಮಾಡುತ್ತಿದ್ದೆವು.

ಸೇತುವೆ ಮೊಮ್ಮಗನದು. ಅಪ್ಪ ಸತ್ತಾಗ ಅವನಿಗೆ ಸುಮಾರು 13 ವರ್ಷ. ಸುಮಾರು 100 ಅಡಿಯ ಒಂದೇ ಕಮಾನು, 378 ಟನ್ ಕಬ್ಬಿಣ. ಕಬ್ಬಿಣದ ಸೇತುವೆ ಜೋಡಿಸುವುದು ಹೇಗೆ ಅಂತ ಆಗ ಯಾರಿಗೂ ಗೊತ್ತಿಲ್ಲವಲ್ಲ, ಬಡಗಿಯ ವಿದ್ಯೆಯನ್ನೇ ಬಳಸಿದರು. ಒಂದು ತುಂಡಿನ ನಾಲಿಗೆ ಇನ್ನೊಂದರ ತೂತಿಗೆ ಕೂರಿಸಿ ಬೆಣೆ ಹೊಡೆಯುವುದು. ನಿಮ್ಮ ಮನೆಯ ಮಾಡಿನ ಕಟ್ಟಿಗೆ ಕೆಲಸ ಒಮ್ಮೆ ಕತ್ತೆತ್ತಿ ನೋಡಿ, ಗೊತ್ತಾಗುತ್ತದೆ. ಖರ್ಚು ಅಂದಾಜು ಮೀರಿ, ಸಾಲ ಅವನ ತಲೆಗೆ ಬಂತು. 1789ರಲ್ಲಿ ತೀರಿಕೊಂಡ, 40 ತುಂಬಿರಲಿಲ್ಲ. ಅಜ್ಜನೂ ಅಷ್ಟೇ, 39ಕ್ಕೇ ಹೋದ.

‘ನಮ್ಮ ಕಾರವಾರದ ಕಾಳಿ ಸೇತುವೆ 2024ರಲ್ಲಿ ಬಿತ್ತು, ಅದು ಹೇಗೆ ನಿಂತಿದೆ?’ ಎಂದೂ ಕೇಳಿದ್ದೀರಿ. ಈ ಹೋಲಿಕೆ ಸ್ವಲ್ಪ ಅನ್ಯಾಯ. ಆ ಸೇತುವೆಯ ಬೀಡು, ಅಂದರೆ ಎರಕದ ಕಬ್ಬಿಣ, ಎಳೆತ ತಾಳುವುದಿಲ್ಲ, ಒತ್ತಡ ಚೆನ್ನಾಗಿ ತಾಳುತ್ತದೆ. ಕಮಾನಿನಲ್ಲಿ ಬೀಳುವುದೂ ಹೆಚ್ಚಾಗಿ ಒತ್ತಡವೇ. 1795ರ ನೆರೆಯಲ್ಲಿ ಅದು ಗಟ್ಟಿಯಾಗಿಯೇ ನಿಂತಿತು. ಆದರೆ 1934ರಿಂದ ಅದರ ಮೇಲೆ ಗಾಡಿಗಳಿಲ್ಲ, ಜನ ಸುಮ್ನೆ ನಡೆದು ಹೋಗುತ್ತಾರೆ. ಎರಡೂ ದಡ ಒಳಗೆ ಸರಿಯುತ್ತಿವೆ ಅಂತ 1970ರ ದಶಕದಲ್ಲಿ ನದಿಯ ತಳದಲ್ಲಿ ಕಾಂಕ್ರೀಟ್ ಹಾಕಿ ತಡೆದರು. ನಮ್ಮದರ ಮೇಲೆ ಬೀಳುವ ತನಕ ಹಗಲೂ ರಾತ್ರಿ ಲಾರಿಗಳು ಓಡುತ್ತಿದ್ದವು.

ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಇನ್ನೊಂದು, ನಿಮ್ಮ ಅಜ್ಜಿಯ ಬೀಡಿನ ಕಾವಲಿಯ ತಳದಲ್ಲಿ ಏನೋ ಇಂಗ್ಲಿಷ್ ಅಕ್ಷರ ಇದೆ, ಮಸಿಯಲ್ಲಿ ಕಾಣುವುದಿಲ್ಲ ಅಂತ ಬರೆದಿದ್ದೀರಲ್ಲ. ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿ, ಬಿಸಿಲಿಗೆ ಓರೆಯಾಗಿ ಹಿಡಿದು ಒಂದು ಫೋಟೋ ಕಳಿಸಿ.