ಸಹಿ ಹಾಕದವರನ್ನು ಯಾರೂ ಕೇಳುವುದಿಲ್ಲ

ಸಾಗರದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಪತ್ರ ನನ್ನ ಮೇಜಿನ ಮೇಲಿದೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಪತ್ರದ ಸಾರ ಇಷ್ಟು: "ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ಮಿಗ್-21 ಯುದ್ಧವಿಮಾನಕ್ಕೆ ವಿದಾಯ ಹೇಳಿದ್ದನ್ನು ಟಿವಿಯಲ್ಲಿ ನೋಡಿದೆ. 1963ರಲ್ಲಿ ಬಂದ ವಿಮಾನವನ್ನು 2025ರವರೆಗೆ ಹಾರಿಸಬೇಕಾಯಿತು. ಅದರ ಜಾಗಕ್ಕೆಂದು ನಮ್ಮಲ್ಲಿಯೇ ಶುರುವಾದ ತೇಜಸ್ 42 ವರ್ಷಗಳಾದರೂ ಬೇಕಾದಷ್ಟು ಸಂಖ್ಯೆಯಲ್ಲಿ ಬಂದಿಲ್ಲ. ನಮ್ಮವರ ಕೈಯಲ್ಲಿ ಆಗುವುದಿಲ್ಲ ಎಂದು ಒಪ್ಪಿಕೊಂಡು ಹೊರಗಿನಿಂದ ಕೊಳ್ಳಬಾರದೇ? ನೀವೇಕೆ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್ ಪರವಾಗಿ ವಕಾಲತ್ತು ಮಾಡುತ್ತೀರಿ?"

ಮಾನ್ಯರೇ, ನಿಮ್ಮ ಸಿಟ್ಟಿನಲ್ಲಿ ಒಂದು ಪಾಲು ನ್ಯಾಯವಿದೆ. 2021ರ ಫೆಬ್ರುವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಒಪ್ಪಂದವಾಯಿತು. ಮೊದಲನೆಯದು 2024ರ ಮಾರ್ಚ್ ಹೊತ್ತಿಗೆ ವಾಯುಪಡೆಯ ಕೈಸೇರಬೇಕಿತ್ತು, ಸೇರಲಿಲ್ಲ. ಅಮೆರಿಕದ ಎಂಜಿನ್ ತಡವಾದದ್ದು ನಿಜ, ಆದರೆ ಅದೊಂದೇ ಕಾರಣವಲ್ಲ. ಎಚ್‌ಎಎಲ್ ಮೇಲೆ ಸದ್ಯಕ್ಕೆ ತಮಗೆ ಭರವಸೆ ಇಲ್ಲವೆಂದು ವಾಯುಪಡೆಯ ಮುಖ್ಯಸ್ಥರೇ 2025ರಲ್ಲಿ ಯಲಹಂಕದಲ್ಲಿ ಹೇಳಿದರು. ಆ ಮಾತು ಬೆಂಗಳೂರಿಗೆ ನಾಟಬೇಕು. ಇಷ್ಟನ್ನು ಒಪ್ಪುತ್ತೇನೆ.

ಆದರೆ ಆ 42 ವರ್ಷಗಳ ಲೆಕ್ಕವನ್ನು ನೀವು ಬಿಡಿಸಿ ನೋಡಿಲ್ಲ. ಜೀವನವಿಡೀ ಬಡ್ಡಿಯ ದಿನಗಳನ್ನು ಎಣಿಸಿದವರು ನೀವು, ಈ ಒಂದು ಖಾತೆಯನ್ನು ಮಾತ್ರ ಒಟ್ಟು ಮೊತ್ತ ನೋಡಿ ಮುಚ್ಚಿದ್ದು ನನಗೆ ಬೇಸರ ತಂದಿತು. 1983ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಾಗ ಇಟ್ಟ ಹಣ 560 ಕೋಟಿ ರೂಪಾಯಿ. ವಿಮಾನ ಹೇಗಿರಬೇಕು ಎಂಬ ಪಟ್ಟಿಯನ್ನು ವಾಯುಪಡೆ ಕೊಟ್ಟದ್ದು 1985ರಲ್ಲಿ. 1994ಕ್ಕೆ ವಿಮಾನ ಸೇವೆಗೆ ಬರಬೇಕು ಎಂದು ಆಗ ಎಣಿಸಲಾಗಿತ್ತು. ಪ್ರಯೋಗದ ವಿಮಾನಗಳನ್ನು ಕಟ್ಟುವ ಪೂರ್ಣ ಪ್ರಮಾಣದ ಹಂತಕ್ಕೆ ಮಂಜೂರಾತಿ ಸಿಕ್ಕಿದ್ದು ಯಾವಾಗ ಗೊತ್ತೇ? 1993ರಲ್ಲಿ! ಮನೆ ಗೃಹಪ್ರವೇಶಕ್ಕೆ ಒಂದು ವರ್ಷ ಬಾಕಿ ಇರುವಾಗ ಅಡಿಪಾಯಕ್ಕೆ ಸಾಲ ಬಿಡುಗಡೆಯಾದಂತೆ. ಆ ಹತ್ತು ವರ್ಷಗಳನ್ನು ಎಂಜಿನಿಯರುಗಳ ತಲೆಗೆ ಕಟ್ಟುವುದು ಯಾವ ನ್ಯಾಯ?

ಅಲ್ಲಿಂದ ಮುಂದೆ ಅವರು ಎಂಟು ವರ್ಷಗಳಲ್ಲಿ ವಿಮಾನ ಹಾರಿಸಿದರು. ನಡುವೆ 1998ರ ಪೋಖ್ರಾನ್ ಅಣುಪರೀಕ್ಷೆಯಾಯಿತು, ಅಮೆರಿಕ ನಿರ್ಬಂಧ ಹೇರಿತು. ಹಾರಾಟ ನಿಯಂತ್ರಣ ವ್ಯವಸ್ಥೆಯ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದ ನಮ್ಮ ತಂಡವನ್ನು ವಾಪಸು ಕಳಿಸಲಾಯಿತು, ಉಪಕರಣಗಳು ಅಲ್ಲಿಯೇ ಉಳಿದವು. ಉಳಿದ ಕೆಲಸವನ್ನು ಬೆಂಗಳೂರಿನಲ್ಲಿಯೇ ಮುಗಿಸಿದರು. 2001ರ ಜನವರಿ 4ರಂದು ರಾಜೀವ್ ಕೋಥಿಯಾಲ್ ಮೊದಲ ತೇಜಸ್ಸನ್ನು ಎಚ್‌ಎಎಲ್ ನಿಲ್ದಾಣದಿಂದ ಮೇಲಕ್ಕೊಯ್ದರು. ಯುರೋಪಿನ ಟೈಫೂನ್ ಯುದ್ಧವಿಮಾನದ ಯೋಜನೆ ಶುರುವಾದದ್ದೂ 1983ರಲ್ಲಿಯೇ. ನಾಲ್ಕು ಶ್ರೀಮಂತ ದೇಶಗಳು, ತಲೆಮಾರುಗಳ ಅನುಭವವಿದ್ದ ಕಾರ್ಖಾನೆಗಳು ಸೇರಿ ಅದನ್ನು ಸೇವೆಗೆ ತರಲು ಇಪ್ಪತ್ತು ವರ್ಷ ಹಿಡಿಯಿತು. ಅಷ್ಟೆಲ್ಲ ಆದ ಮೇಲೂ ನಾವು ಕೊಟ್ಟ ಆರ್ಡರು ಎಷ್ಟು? 2006ರಲ್ಲಿ 20 ವಿಮಾನ, 2010ರಲ್ಲಿ ಇನ್ನು 20. ವರ್ಷಕ್ಕೆ ಎಂಟು ವಿಮಾನ ಹೊರಬರುವಷ್ಟು ಸಣ್ಣ ಶೆಡ್ಡು ಕಟ್ಟಿಸಿ, ವರ್ಷಕ್ಕೆ ಎಂಟೇಕೆ ಎಂದು ಕೇಳುತ್ತಿದ್ದೇವೆ.

ಹೊರಗಿನಿಂದ ಕೊಳ್ಳಬಾರದೇ ಎಂದು ಕೇಳಿದ್ದೀರಿ. ಕೊಳ್ಳಲು ಹೊರಟ ಕಥೆಯನ್ನೂ ಕೇಳಿ. 2007ರ ಆಗಸ್ಟ್‌ನಲ್ಲಿ 126 ಯುದ್ಧವಿಮಾನಗಳಿಗೆ ಟೆಂಡರು ಕರೆದರು. ಟೆಂಡರಿನ ದಾಖಲೆಯೇ 211 ಪುಟ. ಆರು ಕಂಪನಿಗಳು ಬಂದವು. ಬೆಂಗಳೂರಿನ ಸೆಕೆಯಲ್ಲಿ, ಜೈಸಲ್ಮೇರಿನ ಮರಳಿನಲ್ಲಿ, ಲೇಹ್‌ನ ತೆಳುಗಾಳಿಯಲ್ಲಿ ಆರೂ ವಿಮಾನಗಳನ್ನು ಹಾರಿಸಿ ನೋಡಿದರು. 2012ರ ಜನವರಿಯಲ್ಲಿ ಫ್ರಾನ್ಸಿನ ರಫೇಲ್ ಗೆದ್ದಿತು. ನಂತರ ಮೂರು ವರ್ಷ ಚೌಕಾಸಿ. 126ರಲ್ಲಿ 108ನ್ನು ಎಚ್‌ಎಎಲ್ ಕಟ್ಟಬೇಕು, ಆದರೆ ಅವುಗಳ ಹೊಣೆ ಯಾರದು ಎಂಬಲ್ಲಿ ಮಾತು ಸಿಕ್ಕಿಕೊಂಡಿತು. 2015ರಲ್ಲಿ ಟೆಂಡರನ್ನೇ ಕೈಬಿಟ್ಟು, ಸರ್ಕಾರದಿಂದ ಸರ್ಕಾರಕ್ಕೆ ಎಂದು 36 ವಿಮಾನಗಳನ್ನು ಕೊಂಡರು. ಉಳಿದ 90ರ ಕೊರತೆ ತುಂಬಲು 114 ವಿಮಾನಗಳಿಗೆ 2018ರಲ್ಲಿ ಮತ್ತೆ ಮಾಹಿತಿ ಕೇಳಿದರು. ಏಳು ವರ್ಷ ಕಳೆದು 2025 ಬಂದರೂ ಒಪ್ಪಂದವಾಗಲಿಲ್ಲ. ಇಲ್ಲಿ ತಡ ಮಾಡಿದ್ದು ಯಾವ ಕಾರ್ಖಾನೆ?

ಈ ದಾರಿಯನ್ನು ನೀವು ಒಮ್ಮೆ ನಡೆದು ನೋಡಬೇಕು. ಮೊದಲು ಸೇನೆ ತನಗೆ ಬೇಕಾದ ಗುಣಗಳ ಪಟ್ಟಿ ಬರೆಯುತ್ತದೆ. ರಕ್ಷಣಾ ಸಚಿವರ ಅಧ್ಯಕ್ಷತೆಯ ರಕ್ಷಣಾ ಖರೀದಿ ಮಂಡಳಿ 'ಇದು ಅಗತ್ಯ' ಎಂದು ಒಪ್ಪುತ್ತದೆ. ಪತ್ರಿಕೆಗಳಲ್ಲಿ 'ಇಷ್ಟು ಸಾವಿರ ಕೋಟಿಯ ಖರೀದಿಗೆ ಅಸ್ತು' ಎಂದು ಬರುವುದು ಈ ಹಂತದಲ್ಲಿ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ತಾತ್ವಿಕ ಒಪ್ಪಿಗೆ, ಚೆಕ್ ಅಲ್ಲ. ಆಮೇಲೆ ಟೆಂಡರು, ತಾಂತ್ರಿಕ ಸಮಿತಿ, ಕಂಪನಿಗಳು ತಮ್ಮದೇ ಖರ್ಚಿನಲ್ಲಿ ಮಾಡಿ ತೋರಿಸಬೇಕಾದ ಪರೀಕ್ಷೆ, ಪರೀಕ್ಷೆಯ ವರದಿಯ ಮೇಲೆ ಇನ್ನೊಂದು ವರದಿ, ಬೆಲೆ ಮಾತನಾಡುವ ಸಮಿತಿ, ಹಣಕಾಸಿನವರು, ಕೊನೆಗೆ ಭದ್ರತೆಗೆ ಸಂಬಂಧಿಸಿದ ಸಂಪುಟ ಸಮಿತಿ. ಒಂದು ಹಂತದಲ್ಲಿ ಎಡವಿದರೆ ಹಾವು ಏಣಿ ಆಟದಂತೆ ಮತ್ತೆ ಮೊದಲ ಮನೆಗೆ. ಕಾರ್ಗಿಲ್ ಯುದ್ಧದ ಪಾಠದಿಂದ 2001ರಲ್ಲಿ ಆ ಮಂಡಳಿ ಹುಟ್ಟಿತು, 2002ರಲ್ಲಿ ಖರೀದಿಯ ನಿಯಮಾವಳಿ ಬಂತು. ಅದನ್ನು 2003, 2005, 2006, 2008, 2011, 2013, 2016, 2020ರಲ್ಲಿ ತಿದ್ದಿ ಬರೆದರು. ಒಂದು ಖರೀದಿ ಮುಗಿಯುವಷ್ಟರಲ್ಲಿ ಎರಡು ಮೂರು ನಿಯಮಾವಳಿ ಬದಲಾಗಿರುತ್ತವೆ, ಕಡತ ತೆರೆದ ಅಧಿಕಾರಿ ವರ್ಗವಾಗಿ ಹೋಗಿರುತ್ತಾರೆ.

ಪಟ್ಟಿ ಬರೆಯುವಲ್ಲಿಯೂ ನಮ್ಮದು ಅತಿಯಾಸೆ. 2011ರಲ್ಲಿ ಸೇನೆಗೆ ಹೊಸ ರೈಫಲ್ ಬೇಕಾಯಿತು. ಒಂದೇ ರೈಫಲ್, ಆದರೆ ಎರಡು ನಳಿಗೆ ಬದಲಿಸಿ ಎರಡು ಬಗೆಯ ಗುಂಡು ಹಾರಿಸುವಂತಿರಬೇಕು ಎಂದರು. ನಾಲ್ಕು ವರ್ಷ ಕಳೆದ ಮೇಲೆ 2015ರಲ್ಲಿ ಟೆಂಡರು ರದ್ದಾಯಿತು. ಕಾಶ್ಮೀರದಲ್ಲಿ ಕಾವಲು ನಿಂತ ಹುಡುಗನಿಗೆ ಇಂದು ಕೈಗೆ ಸಿಗುವ ಒಳ್ಳೆಯ ರೈಫಲ್ ಬೇಕಿತ್ತೇ ಹೊರತು, ಎಲ್ಲ ಗುಣಗಳೂ ಒಂದರಲ್ಲೇ ಕೂಡಿದ ನಾಳೆಯ ರೈಫಲ್ ಅಲ್ಲ.

ಇದರ ಬೇರು ಎಲ್ಲಿದೆ ಎಂದು ನನ್ನನ್ನು ಕೇಳಿದರೆ, 1987ರಲ್ಲಿದೆ ಎನ್ನುತ್ತೇನೆ. 1986ರ ಮಾರ್ಚ್‌ನಲ್ಲಿ 410 ಬೊಫೋರ್ಸ್ ತೋಪುಗಳಿಗೆ 1,437 ಕೋಟಿ ರೂಪಾಯಿಯ ಒಪ್ಪಂದವಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರೇಡಿಯೋ ಲಂಚದ ಸುದ್ದಿ ಹೇಳಿತು. ತನಿಖೆ ಆಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ನಂತರ ಆ ದರ್ಜೆಯ ಒಂದೇ ಒಂದು ಹೊಸ ತೋಪನ್ನು ಕೊಳ್ಳಲು ನಮಗೆ ಸುಮಾರು ಮೂವತ್ತು ವರ್ಷ ಬೇಕಾಯಿತು! ಅಮೆರಿಕದ ಎಂ-777 ತೋಪಿಗೆ ಸಹಿ ಬಿದ್ದದ್ದು 2016ರಲ್ಲಿ. ನಡುವೆ 1999ರಲ್ಲಿ ಕಾರ್ಗಿಲ್ ಶಿಖರಗಳ ಮೇಲೆ ನಮ್ಮನ್ನು ಕಾಪಾಡಿದ್ದು ಅದೇ ಬೊಫೋರ್ಸ್. ಇನ್ನೂ ಸಂಕಟದ ಸಂಗತಿ ಹೇಳುತ್ತೇನೆ: ಒಪ್ಪಂದದ ಪ್ರಕಾರ ಆ ತೋಪಿನ ನಕ್ಷೆಗಳು ನಮಗೆ ಬಂದಿದ್ದವು. ಅವು ಎರಡು ದಶಕಕ್ಕೂ ಹೆಚ್ಚು ಕಾಲ ಸುಮ್ಮನೆ ಬಿದ್ದಿದ್ದವು. ಅವನ್ನು ಬಿಚ್ಚಿ ಜಬಲ್‌ಪುರದಲ್ಲಿ ಕಟ್ಟಿದ 'ಧನುಷ್' ಸೇನೆಗೆ ಸೇರಿದ್ದು 2019ರಲ್ಲಿ. ನಕ್ಷೆ ಮನೆಯಲ್ಲಿಯೇ ಇತ್ತು, ಕೈ ಹಾಕಲು ಯಾರಿಗೂ ಧೈರ್ಯವಿರಲಿಲ್ಲ.

ಈ ಭಯವನ್ನು ನಾನು ಹತ್ತಿರದಿಂದ ನೋಡಿದ್ದೇನೆ, ದೆಹಲಿಯಲ್ಲಲ್ಲ, ಒಂದು ತಾಲ್ಲೂಕು ಕಚೇರಿಯಲ್ಲಿ. ನಮ್ಮೂರಿನ ಶಾಲೆಯ ಮಾಡು ಸೋರುತ್ತಿತ್ತು. ಜನವರಿಯಲ್ಲಿ ಅಂದಾಜುಪಟ್ಟಿಗೆ ಒಪ್ಪಿಗೆ ಸಿಕ್ಕಿತು. ಟೆಂಡರು ಕರೆಯುವಷ್ಟರಲ್ಲಿ ಹೆಂಚಿನ ದರ ಏರಿ, ಹಳೆಯ ಅಂದಾಜು ಕೆಲಸಕ್ಕೆ ಬಾರದಾಯಿತು. ಹೊಸ ಅಂದಾಜು ಹಿಡಿದು ನಾವು ಮೂರು ಜನ ಹೋದೆವು. ಅಧಿಕಾರಿ ಒಳ್ಳೆಯವರು, ಕಾಫಿ ತರಿಸಿದರು. ಕೆಂಪು ದಾರದ ಕಡತವನ್ನು ಬಿಚ್ಚಿ, ಟಿಪ್ಪಣಿಯ ಮೇಲೆ ಪೆನ್ನಿನ ಮೊನೆ ಇಟ್ಟು, ಮತ್ತೆ ಎತ್ತಿದರು. "ಸಹಿ ಹಾಕಿದರೆ ದರ ಹೇಗೆ ಏರಿತು ಎಂದು ಆಡಿಟ್‌ನವರು ನನ್ನನ್ನು ಕೇಳುತ್ತಾರೆ. ಹಾಕದಿದ್ದರೆ ಯಾರೂ ಕೇಳುವುದಿಲ್ಲ" ಎಂದರು. ಅದರಲ್ಲಿ ಕಪಟವಿರಲಿಲ್ಲ, ದಣಿವಿತ್ತು. ಆ ವರ್ಷದ ಮಳೆಗಾಲವನ್ನು ಮಕ್ಕಳು ದೇವಸ್ಥಾನದ ಪೌಳಿಯಲ್ಲಿ ಕಳೆದರು.

ಇಪ್ಪತ್ತು ಲಕ್ಷದ ಮಾಡಿಗೆ ಆಗುವ ಭಯವೇ ಇಪ್ಪತ್ತು ಸಾವಿರ ಕೋಟಿಯ ವಿಮಾನಕ್ಕೂ ಆಗುತ್ತದೆ. ನೀವೂ ಸಾಲ ಮಂಜೂರು ಮಾಡಿದವರು. ಒಂದು ಸಾಲ ಮುಳುಗಿದರೆ ಮಂಜೂರು ಮಾಡಿದ ಮ್ಯಾನೇಜರನಿಗೆ ನೋಟಿಸು ಬರುತ್ತದೆ. ಒಳ್ಳೆಯ ರೈತನಿಗೆ ಸಾಲ ಕೊಡದೆ ಅವನ ತೋಟ ಒಣಗಿದರೆ ಯಾವ ಮ್ಯಾನೇಜರನಿಗಾದರೂ ನೋಟಿಸು ಬಂದದ್ದನ್ನು ನೀವು ಕಂಡಿದ್ದೀರಾ? ಮಾರ್ಚ್ 31ಕ್ಕೆ ಖರ್ಚಾಗದ ರಕ್ಷಣಾ ಹಣ ವಾಪಸು ಹೋಗುತ್ತದೆ ಎಂಬ ದೂರು ಎಷ್ಟು ಹಳೆಯದು! ವರ್ಷ ಮುಗಿದರೂ ಮುಳುಗದ ಪ್ರತ್ಯೇಕ ನಿಧಿ ಬೇಕೆಂದು 15ನೇ ಹಣಕಾಸು ಆಯೋಗವೇ ಶಿಫಾರಸು ಮಾಡಿತು. ಹತ್ತು ವರ್ಷ ಕಟ್ಟಬೇಕಾದ ವಿಮಾನಕ್ಕೆ ಹನ್ನೆರಡು ತಿಂಗಳ ಹಣ ಕೊಡುವ ಪದ್ಧತಿಯನ್ನು ಬ್ಯಾಂಕಿನವರಾದ ನೀವು ಒಪ್ಪುತ್ತೀರಾ?

ನಮ್ಮ ವೃತ್ತಿಯವರ ಪಾಲೂ ಇದರಲ್ಲಿದೆ. ಖರೀದಿಯಾದ ಮರುದಿನ 'ಹಗರಣ' ಎಂಬ ತಲೆಬರಹಕ್ಕೆ ಮುಖಪುಟದಲ್ಲಿ ಎಂಟು ಅಂಕಣ ಸಿಗುತ್ತದೆ. ಹನ್ನೆರಡು ವರ್ಷ ಏನನ್ನೂ ನಿರ್ಧರಿಸದೆ ಕೂತವರ ಹೆಸರು ಒಂದು ಅಂಕಣದಲ್ಲಿಯೂ ಬರುವುದಿಲ್ಲ. ವಾಯುಪಡೆಗೆ ಯುದ್ಧವಿಮಾನಗಳ 42 ಸ್ಕ್ವಾಡ್ರನ್‌ಗಳಿಗೆ (ತುಕಡಿಗಳಿಗೆ) ಮಂಜೂರಾತಿ ಇದೆ, ಮಿಗ್-21 ಹೋದ ಮೇಲೆ ಉಳಿದದ್ದು 29. ಆ ಹದಿಮೂರರ ಹೊಣೆಯನ್ನು ಹೊತ್ತು ಯಾರಾದರೂ ರಾಜೀನಾಮೆ ಕೊಟ್ಟರೇ? ಯಾರನ್ನಾದರೂ ವಿಚಾರಣೆಗೆ ಕರೆದರೇ?

ವಕಾಲತ್ತು ಏಕೆ ಎಂದು ಕೇಳಿದ್ದೀರಲ್ಲ, ಅದಕ್ಕೂ ಉತ್ತರ ಕೊಡುತ್ತೇನೆ. ನನ್ನ ಸೋದರಮಾವ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು, ಮಾರುತ್ ವಿಮಾನದ ಕೆಲಸದಲ್ಲಿ. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿನಲ್ಲಿ ಕೂತು ನಮ್ಮವರೊಂದಿಗೆ ವಿನ್ಯಾಸ ಮಾಡಿದ ಎಚ್‌ಎಫ್-24 ಅದು. 1961ರ ಜೂನ್‌ನಲ್ಲಿ ಹಾರಿತು. ಮಾವನಿಗೆ ಒಂದು ಅಭ್ಯಾಸವಿತ್ತು. ಯಾರ ಮನೆಗೆ ಹೋದರೂ ಕಬ್ಬಿಣದ ಬೀರುವಿನ ಬೆಸುಗೆಯ ಮೇಲೆ, ಬಸ್ಸಿನ ತಗಡಿನ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಎಳೆಯುತ್ತಿದ್ದರು. ರಿವೆಟ್ ತಲೆ ಬೆರಳಿಗೆ ತಾಗಿದರೆ "ಎದ್ದಿದೆ" ಎಂದು ಮುಖ ಸಿಂಡರಿಸುತ್ತಿದ್ದರು. ವಿಮಾನದ ರೆಕ್ಕೆಯಲ್ಲಿ ರಿವೆಟ್ ಕಣ್ಣಿಗೆ ಕಾಣಬಹುದು, ಬೆರಳಿಗೆ ಸಿಗಬಾರದು ಎನ್ನುವುದು ಅವರ ಮಾತು.

ಮಾರುತ್‌ನ ಮೈ ಚೆನ್ನಾಗಿತ್ತು, ಎದೆ ದುರ್ಬಲವಾಗಿತ್ತು. ಅದಕ್ಕೆಂದು ಎಣಿಸಿದ ಬಲವಾದ ಬ್ರಿಟಿಷ್ ಎಂಜಿನ್ ಕೈಗೆ ಬರಲಿಲ್ಲ. ಅಭಿವೃದ್ಧಿಯ ವೆಚ್ಚ ಕೊಡಿ, ಮುಗಿಸಿಕೊಡುತ್ತೇವೆ ಎಂದು ಕಂಪನಿ ಕೇಳಿತು. ದೆಹಲಿ ಒಪ್ಪಲಿಲ್ಲ. ಕಡಿಮೆ ಶಕ್ತಿಯ ಎಂಜಿನ್ನಿನಲ್ಲಿಯೇ 147 ವಿಮಾನಗಳನ್ನು ಕಟ್ಟಿದರು, 1971ರ ಯುದ್ಧದಲ್ಲಿ ಅವು ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು. ಪರೀಕ್ಷಾ ಪೈಲಟ್ ಸುರಂಜನ್ ದಾಸ್ 1970ರಲ್ಲಿ ಮಾರುತ್‌ನ ಸುಧಾರಿತ ಮಾದರಿಯೊಂದನ್ನು ಹಾರಿಸುವಾಗಲೇ ತೀರಿಕೊಂಡರು. ಎಚ್‌ಎಎಲ್ ಬಳಿಯ ಅವರ ಹೆಸರಿನ ರಸ್ತೆಯಲ್ಲಿ ಇಂದು ದಿನವೂ ಸಾವಿರಾರು ಜನ ಟ್ರಾಫಿಕ್‌ನಲ್ಲಿ ನಿಲ್ಲುತ್ತಾರೆ. ಮಾರುತ್‌ನ ನಂತರದ ಯುದ್ಧವಿಮಾನಕ್ಕೆ ಒಪ್ಪಿಗೆಯೇ ಸಿಗಲಿಲ್ಲ. ವಿನ್ಯಾಸ ಕಲಿತವರು ಚದುರಿಹೋದರು. ಮಾವನನ್ನು ಜಾಗ್ವಾರ್ ವಿಮಾನ ಜೋಡಿಸುವ ಕೆಲಸಕ್ಕೆ ಹಾಕಿದರು. ನಕ್ಷೆ ಬ್ರಿಟನ್ ಮತ್ತು ಫ್ರಾನ್ಸಿನದು. ಅವರು ಕೆಲಸದಲ್ಲಿ ಎಂದೂ ಅಸಡ್ಡೆ ಮಾಡಲಿಲ್ಲ, ಆದರೆ ಮನೆಯಲ್ಲಿ ವಿಮಾನದ ಮಾತು ಆಡುವುದನ್ನು ನಿಲ್ಲಿಸಿದರು. 1983ರಲ್ಲಿ ತೇಜಸ್ ಆರಂಭವಾದಾಗ ಬೆಂಗಳೂರು ಮತ್ತೆ ಅಕ್ಷರಾಭ್ಯಾಸದಿಂದ ತೊಡಗಬೇಕಾಗಿ ಬಂದದ್ದು ಈ ಕಾರಣಕ್ಕೆ. ನೀವು ಈಗ ಹೇಳುವಂತೆ ಇದನ್ನೂ ನಿಲ್ಲಿಸಿದರೆ, ಮೂರನೆಯ ಬಾರಿ ಅಕ್ಷರ ತಿದ್ದಿಸುವವರು ಯಾರು?

ಮಿಗ್-21ರ ವಿದಾಯಕ್ಕೆ ಒಂದು ದಿನ ಮುಂಚೆ, ಸೆಪ್ಟೆಂಬರ್ 25ರಂದು, ಇನ್ನೂ 97 ತೇಜಸ್‌ಗಳಿಗೆ 62,370 ಕೋಟಿ ರೂಪಾಯಿಯ ಒಪ್ಪಂದವಾಯಿತು. ನಿಮ್ಮ ಪತ್ರದಲ್ಲಿ ಅದರ ಪ್ರಸ್ತಾಪವೇ ಇಲ್ಲ. ಆ ದಿನ ಯಾರೋ ಪೆನ್ನೆತ್ತಿ ಸಹಿ ಹಾಕಿದ್ದಾರೆ, ನಾನು ಅವರ ಪರ.

ಬೆಂಗಳೂರಿಗೆ ಬಂದಾಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋಗಿ. ಅಲ್ಲೊಂದು ಮಾರುತ್ ನಿಂತಿದೆ. ಮೊಮ್ಮಕ್ಕಳಿದ್ದರೆ ಕರೆದುಕೊಂಡು ಹೋಗಿ. ಆಮೇಲೆ ನಿಮ್ಮ ಶಾಖೆಯಲ್ಲಿ ಮಂಜೂರಾಗದೆ ಉಳಿದ ಸಾಲಗಳ ಕಥೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ನಿಮಗೆಂದೇ ಇಟ್ಟಿರುತ್ತೇನೆ.

— ಸಂಪಾದಕ