ಹೊಸ ಸೇಫ್ಟಿ ರೇಜರ್‌ನಿಂದ ಕುತ್ತಿಗೆ ಉರಿಯುತ್ತಿದೆ, ರೇಜರ್ ಬದಲಿಸಬೇಕೇ?

ವರ್ಷಗಟ್ಟಲೆ ಮೂರು ಬ್ಲೇಡಿನ ಕಾರ್ಟ್ರಿಜ್ ಬಳಸಿದವರು ನೀವು. ಈಗ ಮ್ಯೂಲೆ ಕಂಪನಿಯ ಆರ್89, ಅಂದರೆ ಬಿಡಿ ಬ್ಲೇಡ್ ಹಾಕುವ ಸೇಫ್ಟಿ ರೇಜರ್ ತರಿಸಿದ್ದೀರಿ. ಎರಡು ಸಲ ಬಳಸುವಷ್ಟರಲ್ಲಿ ಕುತ್ತಿಗೆ ಕೆಂಪಾಗಿ ಉರಿಯುತ್ತಿದೆ, ದವಡೆಯ ಕೆಳಗೆ ಕೂದಲೂ ಸರಿಯಾಗಿ ಹೋಗಿಲ್ಲ. ಇದೇ ಕಂಪನಿಯ ಆರ್41ಗೆ ಬದಲಿಸಿಕೊಳ್ಳಲೇ, ಬ್ಲೇಡ್ ಯಾವುದು ಕೊಳ್ಳಲಿ ಎಂದು ಕೇಳಿದ್ದೀರಿ.

ದಯವಿಟ್ಟು ಬದಲಿಸಬೇಡಿ. ಆರ್89 ಹೊಸಬರಿಗೆ ಹೇಳಿ ಮಾಡಿಸಿದ ಸೌಮ್ಯ ರೇಜರ್. ಎಡ್ವಿನ್ ಜಾಗರ್ ಎಂಬ ಇನ್ನೊಂದು ಕಂಪನಿಯ ಡಿಇ89 ರೇಜರ್‌ನ ತಲೆಯೂ ಹೆಚ್ಚುಕಡಿಮೆ ಇದೇ. ಆರ್41 ಬೇರೆಯದೇ ಜಾತಿ: ಹಲ್ಲು ಹಲ್ಲಾಗಿ ತೆರೆದ ಅಂಚು, ಬ್ಲೇಡಿನ ಬಾಯಿ ಚರ್ಮಕ್ಕೆ ಹೆಚ್ಚು ತಾಗುತ್ತದೆ. ಈಗಲೇ ಕುತ್ತಿಗೆ ಉರಿಯುತ್ತಿರುವವರು ಅದನ್ನು ಹಿಡಿದರೆ ಉರಿಯ ಜೊತೆಗೆ ರಕ್ತವೂ ಬರುತ್ತದೆ.

ತೊಂದರೆ ಇರುವುದು ಕಾರ್ಟ್ರಿಜ್ ಕಲಿಸಿದ ಅಭ್ಯಾಸದಲ್ಲಿ. ಕಾರ್ಟ್ರಿಜ್‌ನ ತಲೆ ತಾನೇ ಆಡುತ್ತದೆ, ಕೋನವನ್ನು ಅದೇ ನೋಡಿಕೊಳ್ಳುತ್ತದೆ, ನಿಮ್ಮ ಕೆಲಸ ಒತ್ತುವುದಷ್ಟೇ. ಸೇಫ್ಟಿ ರೇಜರ್‌ನಲ್ಲಿ ತಲೆ ಅಲುಗುವುದಿಲ್ಲ. ಕೋನ ನಿಮ್ಮ ಕೈಯದು, ಒತ್ತಡ ರೇಜರ್‌ನ ತೂಕದ್ದು. ಆರ್89 ಸುಮಾರು 65 ಗ್ರಾಂ ತೂಗುತ್ತದೆ, ಕೂದಲು ಕತ್ತರಿಸಲು ಆ ತೂಕವೇ ಸಾಕು. ನೀವು ಹೇಳಿದ ಎರಡೂ ದೂರುಗಳು ಒಂದೇ ಕಡೆಯಿಂದ ಬಂದಿವೆ ಎಂದೇ ನನಗನ್ನಿಸುತ್ತದೆ: ಕೋನ ತಪ್ಪಿದ್ದರಿಂದ ಕೂದಲು ಉಳಿಯಿತು, ಉಳಿದದ್ದನ್ನು ತೆಗೆಯಲು ಒತ್ತಿದ್ದರಿಂದ ಉರಿ ಶುರುವಾಯಿತು.

ಮೊದಲು ಬ್ಲೇಡ್ ಸರಿಯಾಗಿ ಕೂತಿದೆಯೇ ನೋಡಿ. ಹಿಡಿಯನ್ನು ಬಿಚ್ಚಿ ಕ್ಯಾಪನ್ನು (ತಲೆಯ ಮೇಲಿನ ಮುಚ್ಚಳ) ಅಂಗಾತ ಹಿಡಿಯಿರಿ, ಅದರ ಕಡ್ಡಿಗಳ ಮೇಲೆ ಬ್ಲೇಡ್ ಇಳಿಸಿ. ಬ್ಲೇಡನ್ನು ಮುಟ್ಟುವುದು ಅದರ ಗಿಡ್ಡ ಬದಿಗಳಲ್ಲಿ ಮಾತ್ರ, ಅಲ್ಲಿ ಹರಿತ ಇರುವುದಿಲ್ಲ. ಮೇಲೆ ಬೇಸ್ ಪ್ಲೇಟ್ (ಬ್ಲೇಡಿಗೂ ಹಿಡಿಗೂ ನಡುವೆ ಕೂರುವ ತಟ್ಟೆ) ಇಟ್ಟು, ತಲೆಯನ್ನು ಅದೇ ಗಿಡ್ಡ ಬದಿಗಳಲ್ಲಿ ಹೆಬ್ಬೆರಳು ತೋರುಬೆರಳಿನಿಂದ ಅದುಮಿ ಹಿಡಿದುಕೊಂಡೇ ಹಿಡಿಯನ್ನು ತಿರುಗಿಸಿ. ಬೆರಳಿನ ಬಿಗಿ ಸಾಕು, ಜೋರು ಮಾಡಿದರೆ ಕ್ಯಾಪಿನ ಮರೆ (ತಿರುಪಿನ ಥ್ರೆಡ್) ಹಾಳಾಗುತ್ತದೆ. ಈಗ ತಲೆಯನ್ನು ಬೆಳಕಿಗೆ ಹಿಡಿದು ನೇರ ಮೇಲಿನಿಂದ ನೋಡಿ. ಕ್ಯಾಪಿನ ಎರಡೂ ಪಕ್ಕದಲ್ಲಿ ಬ್ಲೇಡಿನ ಅಂಚು ಒಂದೇ ಅಗಲದ ಸಣ್ಣ ಗೆರೆಯಾಗಿ ಕಾಣಬೇಕು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಮಾಯ ಎಂದಾದರೆ ಬ್ಲೇಡ್ ಸರಿದಿದೆ. ಹಾಗೆಯೇ ಶೇವ್ ಮಾಡಿದರೆ ಒಂದು ಬದಿ ಕೆರೆಯುತ್ತದೆ, ಇನ್ನೊಂದು ಬದಿ ಕತ್ತರಿಸುವುದೇ ಇಲ್ಲ. ಅರ್ಧ ಸುತ್ತು ಸಡಿಲಿಸಿ, ಸರಿಪಡಿಸಿ, ಮತ್ತೆ ಬಿಗಿ ಮಾಡಿ. ಬ್ಲೇಡ್ ಕ್ಯಾಪಿನ ಉಬ್ಬಿಗೆ ತಕ್ಕಂತೆ ಬಾಗದೆ ಸಪಾಟಾಗಿ ಅಲುಗಾಡುತ್ತಿದ್ದರೆ ಬೇಸ್ ಪ್ಲೇಟ್ ತಿರುಗುಮುರುಗಾಗಿದೆ ಎಂದರ್ಥ. ಮೂರು ತುಂಡಿನ ರೇಜರ್‌ನಲ್ಲಿ ಈ ತಪ್ಪು ಬಹಳ ಸಾಮಾನ್ಯ.

ಮುಂದಿನದು ಕೂದಲಿನ ದಿಕ್ಕು. ಎರಡು ದಿನ ಶೇವ್ ಮಾಡದೆ ಬಿಡಿ, ಉರಿಯೂ ಇಳಿಯುತ್ತದೆ. ಆಮೇಲೆ ಬೆರಳ ತುದಿಯಿಂದ ಮುಖವನ್ನು ನಾಲ್ಕೂ ದಿಕ್ಕಿಗೆ ಸವರಿ ನೋಡಿ. ನುಣುಪಾಗಿ ಜಾರುವುದು ಕೂದಲು ಬೆಳೆದ ದಿಕ್ಕು, ಒರಟಾಗಿ ತಡೆಯುವುದು ಅದರ ಎದುರು. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೂದಲು ಕೆಳಮುಖವಾಗಿರುತ್ತದೆ. ಕುತ್ತಿಗೆಯಲ್ಲಿ ಹಾಗಲ್ಲ. ಎಷ್ಟೋ ಜನರಿಗೆ ಕುತ್ತಿಗೆಯ ಕೆಳಭಾಗದ ಕೂದಲು ಮೇಲಕ್ಕೆ ಬೆಳೆಯುತ್ತದೆ, ದವಡೆಯ ಕೆಳಗೆ ಕಿವಿಯ ಕಡೆಗೆ ಅಡ್ಡ ಮಲಗಿರುತ್ತದೆ, ಎಡಕ್ಕೂ ಬಲಕ್ಕೂ ಹೊಂದುವುದೂ ಇಲ್ಲ. ಒಂದು ಹಾಳೆಯಲ್ಲಿ ಮುಖ ಬರೆದು ಬಾಣ ಹಾಕಿ ಕನ್ನಡಿ ಪಕ್ಕ ಅಂಟಿಸಿಕೊಳ್ಳಿ. ಕುತ್ತಿಗೆ ಉರಿಯುತ್ತದೆ ಎನ್ನುವವರಲ್ಲಿ ಹೆಚ್ಚಿನವರು ಇದನ್ನು ನೋಡದೆ ಮೇಲಿನಿಂದ ಕೆಳಕ್ಕೋ ಕೆಳಗಿನಿಂದ ಮೇಲಕ್ಕೋ ಒಂದೇ ಸಮನೆ ಎಳೆಯುತ್ತಿರುತ್ತಾರೆ.

ಸ್ನಾನ ಮುಗಿದ ತಕ್ಷಣ ಶೇವ್ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ಗಡ್ಡದ ಕೂದಲು ಒಣಗಿದ್ದಾಗ ಗಡುಸು, ಎರಡು ಮೂರು ನಿಮಿಷ ಬಿಸಿನೀರು ಹೀರಿಕೊಂಡರೆ ಮೆತ್ತಗಾಗಿ ಸುಲಭವಾಗಿ ಕತ್ತರಿಸುತ್ತದೆ. ಸ್ನಾನ ಆಗದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಅಷ್ಟೇ ಹೊತ್ತು ಮುಖಕ್ಕಿಡಿ.

ನೊರೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಹೊಸಬರು ಎಲ್ಲ ತಪ್ಪನ್ನೂ ಬ್ಲೇಡಿನ ಮೇಲೆ ಹೊರಿಸಿ ಇದನ್ನು ಬಿಟ್ಟುಬಿಡುತ್ತಾರೆ. ಟ್ಯೂಬಿನ ಸಾಧಾರಣ ಶೇವಿಂಗ್ ಕ್ರೀಮ್, ಗೋದ್ರೆಜ್, ಪಾಮೋಲಿವ್, ಓಲ್ಡ್ ಸ್ಪೈಸ್ ಯಾವುದಾದರೂ ಸರಿ, ಬಾದಾಮಿ ಗಾತ್ರದಷ್ಟು ತೆಗೆದುಕೊಳ್ಳಿ. ಬ್ರಷ್ ಹಂದಿ ಕೂದಲಿನದಾದರೆ ಮೊದಲೇ ಎರಡು ಮೂರು ನಿಮಿಷ ನೀರಲ್ಲಿ ನೆನೆಯಲಿ, ಸಿಂಥೆಟಿಕ್ ಆದರೆ ಅದ್ದಿ ತೆಗೆದರೆ ಸಾಕು. ನೀರನ್ನು ಚೆನ್ನಾಗಿ ಕೊಡವಿ ಬಟ್ಟಲಿನಲ್ಲೋ ನೇರವಾಗಿ ಮುಖದ ಮೇಲೋ ತಿರುಗಿಸಲು ಶುರುಮಾಡಿ, ಆಮೇಲೆ ಅರ್ಧರ್ಧ ಟೀಚಮಚದಂತೆ ನೀರು ಸೇರಿಸುತ್ತಾ ಒಂದೂವರೆ ಎರಡು ನಿಮಿಷ ಕಡೆಯಿರಿ. ಕೊನೆಗೆ ಅದು ಗಟ್ಟಿ ಮೊಸರಿನಂತೆ ಹೊಳಪಿನಿಂದ ಕೂರಬೇಕು, ಗುಳ್ಳೆ ಕಾಣಬಾರದು. ಹೆಬ್ಬೆರಳು ತೋರುಬೆರಳ ನಡುವೆ ಸ್ವಲ್ಪ ತಿಕ್ಕಿ ನೋಡಿ, ಬೆರಳು ನಿಲ್ಲದೆ ಜಾರಿದರೆ ಸರಿಯಾಗಿದೆ. ದೊಡ್ಡ ದೊಡ್ಡ ಗುಳ್ಳೆ ಎದ್ದರೆ ನೀರು ಹೆಚ್ಚಾಗಿದೆ ಅಥವಾ ಕ್ರೀಮ್ ಕಡಿಮೆಯಾಗಿದೆ. ಬೆಳ್ಳಗೆ ರಾಶಿಯಾಗಿ ನಿಂತು ಮುಖದ ಮೇಲೆ ಒಣಗುತ್ತಿದ್ದರೆ ನೀರು ಸಾಲದು. ಈ ಎರಡನೆಯದೇ ಮೋಸ ಮಾಡುವುದು, ನೋಡಲು ಸೊಂಪಾಗಿರುತ್ತದೆ, ಬ್ಲೇಡಿಗೆ ಜಾರಿಕೆ ಇರುವುದಿಲ್ಲ.

ಮನೆಗೆ ಬೋರ್‌ವೆಲ್ ನೀರು ಬರುತ್ತಿದ್ದರೆ ಇನ್ನೊಂದು ತೊಡಕು. ಗಡುಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಜಿಡ್ಡಾಗಿ ಕೂರುತ್ತವೆ, ನೊರೆ ಏಳುವುದಿಲ್ಲ. ಬೆಂಗಳೂರಿನಲ್ಲಿ ಕಾವೇರಿ ಸಂಪರ್ಕವಿಲ್ಲದ ಬಡಾವಣೆಗಳಲ್ಲಿ ಇದು ದಿನನಿತ್ಯದ ಗೋಳು. ನೊರೆ ಮಾಡಲು ಮಾತ್ರ ಒಂದು ಲೋಟ ಕುಡಿಯುವ ಆರ್‌ಒ ಫಿಲ್ಟರ್ ನೀರು ಬಿಸಿಮಾಡಿಕೊಳ್ಳಿ, ಮುಖ ತೊಳೆಯಲು ನಲ್ಲಿ ನೀರಾದರೂ ಆದೀತು.

ಇನ್ನು ಕೋನ. ರೇಜರ್‌ನ ಕ್ಯಾಪನ್ನು ಕೆನ್ನೆಗೆ ತಾಗಿಸಿ, ಹಿಡಿ ನೆಲಕ್ಕೆ ಸಮಾನಾಂತರವಾಗಿ ಹೊರಗೆ ಚಾಚಿರಲಿ. ಈ ಸ್ಥಿತಿಯಲ್ಲಿ ಬ್ಲೇಡ್ ಚರ್ಮಕ್ಕೆ ತಾಗುವುದೇ ಇಲ್ಲ. ಈಗ ನಿಧಾನವಾಗಿ ಕೆಳಕ್ಕೆ ಎಳೆಯುತ್ತಾ ಹಿಡಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ. ಒಂದು ಹಂತದಲ್ಲಿ ಕೂದಲು ಕತ್ತರಿಸುವ ಚರಚರ ಸದ್ದು ಕೇಳಿಸುತ್ತದೆ. ಅಲ್ಲಿಗೆ ನಿಲ್ಲಿಸಿ, ಅದೇ ನಿಮ್ಮ ಕೋನ, ಬ್ಲೇಡಿಗೂ ಚರ್ಮಕ್ಕೂ ಹೆಚ್ಚುಕಡಿಮೆ 30 ಡಿಗ್ರಿ. ಹಿಡಿಯನ್ನು ಇನ್ನೂ ಮುಖದ ಹತ್ತಿರಕ್ಕೆ ತಂದರೆ ಬ್ಲೇಡ್ ಕತ್ತರಿಸುವ ಬದಲು ಚರ್ಮವನ್ನು ಕೆರೆಯುತ್ತದೆ. ಫ್ಯಾನ್, ಹಾಡು ಎಲ್ಲ ನಿಲ್ಲಿಸಿ ಶೇವ್ ಮಾಡಿ, ಮೊದಲ ವಾರ ಕಣ್ಣಿಗಿಂತ ಕಿವಿ ಹೆಚ್ಚು ಕಲಿಸುತ್ತದೆ. ದವಡೆ ತಿರುಗಿದಲ್ಲಿ ಮುಖದ ಮೇಲ್ಮೈ ಬದಲಾಗುವುದರಿಂದ ಕೋನವನ್ನು ಅಲ್ಲಿ ಮತ್ತೆ ಹುಡುಕಬೇಕು. ನಿಮಗೆ ದವಡೆಯ ಕೆಳಗೆ ಕೂದಲು ಉಳಿದದ್ದು ಬಹುಶಃ ಕೆನ್ನೆಯ ಕೋನವನ್ನೇ ಅಲ್ಲಿಗೂ ಎಳೆದೊಯ್ದದ್ದರಿಂದ.

ಹಿಡಿಯನ್ನು ತಲೆಯ ಹತ್ತಿರ ಹಿಡಿಯಬೇಡಿ, ಗೊತ್ತಿಲ್ಲದೆ ಒತ್ತುತ್ತೀರಿ. ಬುಡದ ಕಡೆ ಎರಡು ಮೂರು ಬೆರಳಲ್ಲಿ ಹಗುರಾಗಿ ಹಿಡಿಯಿರಿ. ಒಂದೊಂದು ಎಳೆತ 2–3 ಸೆಂಟಿಮೀಟರ್ ಇದ್ದರೆ ಸಾಕು. ಎರಡು ಮೂರು ಎಳೆತಕ್ಕೆ ಬದಿ ತಿರುಗಿಸಿ, ಎರಡೂ ಬದಿ ತುಂಬಿದ ಮೇಲೆ ನೀರಲ್ಲಿ ಜಾಲಾಡಿಸಿ. ರೇಜರನ್ನು ಯಾವ ಕಾರಣಕ್ಕೂ ಬ್ಲೇಡಿನ ಅಂಚಿನ ಉದ್ದಕ್ಕೆ ಪಕ್ಕಕ್ಕೆ ಜಾರಿಸಬೇಡಿ, ಗೀರುಗಾಯ ಆಗುವುದೇ ಹಾಗೆ. ನೊರೆ ಇಲ್ಲದ ಜಾಗದ ಮೇಲೆ ಮತ್ತೊಮ್ಮೆ ಎಳೆಯುವುದೂ ಬೇಡ.

ಮೊದಲ ಎರಡು ಶೇವ್‌ಗೆ ನನ್ನ ಸಲಹೆ ಇದು: ಕೆನ್ನೆಗೆ ಮಾತ್ರ ಹೊಸ ರೇಜರ್, ಗದ್ದಕ್ಕೂ ಕುತ್ತಿಗೆಗೂ ಹಳೆಯ ಕಾರ್ಟ್ರಿಜ್. ಕೈ ಪಳಗಿದ ಮೇಲೆ ಇಡೀ ಮುಖಕ್ಕೆ, ಆದರೆ ಒಂದೇ ಸುತ್ತು, ಕೂದಲು ಬೆಳೆದ ದಿಕ್ಕಿಗೇ. ಅಲ್ಪಸ್ವಲ್ಪ ಒರಟು ಉಳಿಯುತ್ತದೆ, ಉಳಿಯಲಿ. ಒಂದು ವಾರ ಉರಿ ಇಲ್ಲದೆ ಕಳೆದರೆ ಮತ್ತೆ ನೊರೆ ಹಚ್ಚಿ ಎರಡನೆಯ ಸುತ್ತು ಕೂದಲಿನ ದಿಕ್ಕಿಗೆ ಅಡ್ಡವಾಗಿ. ಕೂದಲಿಗೆ ಎದುರಾಗಿ ಎಳೆಯುವುದನ್ನು ಕುತ್ತಿಗೆಯಲ್ಲಿ ಕನಿಷ್ಠ ಒಂದು ತಿಂಗಳು ಮರೆತುಬಿಡಿ. ಗುಂಗುರು ಗಡ್ಡವಾದರೆ ಕುತ್ತಿಗೆಯಲ್ಲಿ ಅದು ಎಂದಿಗೂ ಬೇಡ ಎಂದೇ ಹೇಳುತ್ತೇನೆ, ತೀರಾ ಬುಡಕ್ಕೆ ಕತ್ತರಿಸಿದ ಕೂದಲು ಚರ್ಮದೊಳಗೇ ತಿರುಗಿ ಬೆಳೆದು ಎರಡು ದಿನ ಬಿಟ್ಟು ಗುಳ್ಳೆಯೇಳುತ್ತದೆ.

ತಂಟೆಯ ಜಾಗಗಳು ಮೂರೇ. ಮೂಗಿನ ಕೆಳಗೆ ಮೇಲ್ದುಟಿಯನ್ನು ಹಲ್ಲಿನ ಮೇಲೆ ಕೆಳಕ್ಕೆ ಎಳೆದು ಹಿಡಿದು ಒಂದೊಂದು ಸೆಂಟಿಮೀಟರಿನ ಎಳೆತ. ಗದ್ದದ ದುಂಡಿಗೂ ಅಷ್ಟೇ ಗಿಡ್ಡ ಎಳೆತ, ಪ್ರತಿ ಸಲ ಕೋನ ನೋಡಿಕೊಂಡು. ಗಂಟಲಿನ ಗಂಟಿನ ಮೇಲೆ ನೇರವಾಗಿ ಹೋಗಬೇಡಿ. ಅಲ್ಲಿನ ಚರ್ಮವನ್ನು ಎರಡು ಬೆರಳಿನಿಂದ ಪಕ್ಕಕ್ಕೆ ಎಳೆದುಕೊಂಡರೆ ಅದು ಗಂಟಿನಿಂದ ಸರಿದು ಸಪಾಟಾಗುತ್ತದೆ, ಆಗ ಶೇವ್ ಮಾಡಿ.

ಮುಗಿದ ಮೇಲೆ ತಣ್ಣೀರಲ್ಲಿ ತೊಳೆದು, ಒದ್ದೆ ಮುಖಕ್ಕೆ ಪಟಿಕದ ಕಲ್ಲು ಸವರಿ, ಅರ್ಧ ನಿಮಿಷ ಬಿಟ್ಟು ಮತ್ತೆ ತೊಳೆಯಿರಿ. ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಪಟಿಕವೇ ಸಾಕು, ಚೂಪಾದ ಮೂಲೆಗಳನ್ನು ನೀರಿನಲ್ಲಿ ತಿಕ್ಕಿ ನಯಮಾಡಿಕೊಳ್ಳಿ. ಇದು ಸಣ್ಣ ರಕ್ತದ ಚುಕ್ಕೆಗಳನ್ನು ನಿಲ್ಲಿಸುತ್ತದೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು ಉಪಯೋಗ: ಎಲ್ಲಿ ಚುರ್ ಎನ್ನುತ್ತದೋ ಅಲ್ಲಿ ನೀವು ಒತ್ತಿದ್ದೀರಿ. ಆ ಜಾಗವನ್ನು ಹಾಳೆಯ ಮೇಲಿನ ಬಾಣಗಳ ಜೊತೆ ಗುರುತು ಮಾಡಿಕೊಳ್ಳಿ. ಮುಖದಲ್ಲೆಲ್ಲ ಸಮನಾಗಿ ಉರಿದರೆ ನೊರೆ ಒಣಗಿತ್ತು ಎಂದು ತಿಳಿಯಿರಿ. ಉರಿ ಇರುವಷ್ಟು ದಿನ ಸ್ಪಿರಿಟ್ ಇರುವ ಆಫ್ಟರ್‌ಶೇವ್ ಬೇಡ, ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಕೀವು ತುಂಬಿದ ಗುಳ್ಳೆಗಳಾದರೆ ಶೇವ್ ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಿ.

ಬ್ಲೇಡಿನ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಕಿಂಗ್ ಕ್ಯಾಂಪ್ ಜಿಲೆಟ್‌ಗೆ 1904ರಲ್ಲಿ ಪೇಟೆಂಟ್ ಸಿಕ್ಕ ಎರಡು ಅಂಚಿನ ಬ್ಲೇಡಿನ ವಂಶದ್ದೇ ಇವತ್ತಿನದೂ. ಈಗ ಅಳತೆ ಎಲ್ಲ ಕಂಪನಿಗಳದೂ ಒಂದೇ ಆಗಿರುವುದರಿಂದ ಯಾವುದನ್ನು ತಂದರೂ ನಿಮ್ಮ ರೇಜರಿಗೆ ಕೂರುತ್ತದೆ. ಸೆಲೂನಿನಲ್ಲಿ ಕಾಗದದೊಳಗೇ ಎರಡು ತುಂಡು ಮಾಡಿ ಹಿಡಿಗೆ ಸಿಕ್ಕಿಸುವುದೂ ಇದೇ ಬ್ಲೇಡನ್ನು. ಹತ್ತಿರದ ಅಂಗಡಿಯ 7 ಓ'ಕ್ಲಾಕ್‌ನಿಂದ ಶುರುಮಾಡಿ. ಜಪಾನಿನ ಫೆದರ್ ತುಂಬ ಹರಿತ, ಕೈ ಪಳಗುವ ತನಕ ಬೇಡ. ಒಂದು ಬ್ಲೇಡ್ ಮೂರರಿಂದ ಐದು ಶೇವ್ ಬರುತ್ತದೆ, ಕೂದಲನ್ನು ಜಗ್ಗಿದಂತೆನಿಸಿದ ದಿನವೇ ತೆಗೆಯಿರಿ. ಕೆಲವೇ ರೂಪಾಯಿಯ ವಸ್ತುವನ್ನು ಉಳಿಸಲು ಹೋಗಿ ಕುತ್ತಿಗೆ ಕೆಡಿಸಿಕೊಳ್ಳುವವರು ಬಹಳ. ಟವೆಲಿನಿಂದ ಬ್ಲೇಡಿನ ಅಂಚು ಒರೆಸಬೇಡಿ, ಹರಿತ ಹೋಗುತ್ತದೆ, ಕೊಡವಿ ಒಣಗಲು ಬಿಡಿ.

ಒಂದು ಮಾತನ್ನು ಮಾತ್ರ ಖಂಡಿತ ಪಾಲಿಸಿ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಹೊಸ ರೇಜರ್, ಹೊಸ ಬ್ಲೇಡ್, ಹೊಸ ಕ್ರೀಮ್ ಎಲ್ಲ ಒಟ್ಟಿಗೆ ಬಂದರೆ ಉರಿ ಯಾವುದರದ್ದೆಂದು ಯಾರಿಗೂ ಹೇಳಲಾಗದು. ಮೂರು ನಾಲ್ಕು ವಾರ ಇದೇ ರೇಜರ್, ಇದೇ ಕ್ರೀಮ್ ಇರಲಿ. ಮೇಲಿನದೆಲ್ಲ ಸರಿಯಾಗಿದ್ದೂ ಉರಿದರೆ ಬ್ಲೇಡಿನ ಬ್ರ್ಯಾಂಡ್ ಬದಲಿಸಿ ನೋಡಿ. ಆಮೇಲೂ ಒಂದು ಸುತ್ತಿಗೆ ಸಾಕಷ್ಟು ಕೂದಲು ಹೋಗುತ್ತಿಲ್ಲ, ಉರಿಯೂ ಇಲ್ಲ ಎಂದಾದಾಗ ಮಾತ್ರ ಇನ್ನೂ ಖಡಕ್ಕಾದ ರೇಜರ್‌ನ ಯೋಚನೆ ಮಾಡಬಹುದು.

ವಾರಕ್ಕೊಮ್ಮೆ ಬಿಚ್ಚಿ ಹಳೆಯ ಟೂತ್‌ಬ್ರಷ್, ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ತಿಕ್ಕಿ. ಬಿಳಿ ಕಲೆ ಹೋಗಲೆಂದು ವಿನೆಗರ್‌ನಲ್ಲಿ ಹೊತ್ತುಗಟ್ಟಲೆ ನೆನೆಹಾಕಬೇಡಿ, ತಲೆ ಸತು ಬೆರೆತ ಲೋಹದ್ದು, ಮೇಲಿನ ಕ್ರೋಮ್ ಲೇಪ ಎದ್ದರೆ ಒಳಗಿನದು ತಿಂದುಹೋಗುತ್ತದೆ. ಟೈಲ್ಸ್ ಮೇಲೆ ಬಿದ್ದರೆ ಮರೆಯ ಕಡ್ಡಿ ಮುರಿಯುವುದೂ ಉಂಟು. ವಿಮಾನದಲ್ಲಿ ಬ್ಲೇಡನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿಗೆ ಹಾಕಿ.

ಬಳಸಿದ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಎಸೆಯಬೇಡಿ, ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಖಾಲಿ ತಗಡಿನ ಡಬ್ಬಿಯ ಮುಚ್ಚಳದಲ್ಲಿ ಬ್ಲೇಡ್ ತೂರುವಷ್ಟು ಸೀಳು ಮಾಡಿ ಅದರೊಳಗೆ ಹಾಕುತ್ತಾ ಹೋಗಿ. ತುಂಬಲು ವರ್ಷಗಳೇ ಬೇಕು. ತುಂಬಿದಾಗ ಸೀಳಿನ ಮೇಲೆ ಎರಡು ಸುತ್ತು ಟೇಪ್ ಹಾಕಿ, ಮೇಲೆ ‘ಬ್ಲೇಡ್’ ಎಂದು ದಪ್ಪಗೆ ಬರೆದು, ಒಳಗೇನಿದೆ ಎಂದು ಬಾಯಲ್ಲೂ ಹೇಳಿ ಪ್ರತ್ಯೇಕವಾಗಿ ಅವರ ಕೈಗೆ ಕೊಡಿ.