ಲ್ಯಾಪರೋಸ್ಕೋಪಿ ನಂತರದ ಭುಜ ನೋವು
ಪಿತ್ತಕೋಶ ತೆಗೆಸಿದ 3ನೇ ದಿನ ಹೊಟ್ಟೆಗಿಂತ ಬಲಭುಜವೇ ಜಾಸ್ತಿ ನೋಯುತ್ತಿದೆ ಅಂದಿರಲ್ಲ, ಅದು ಬಹುತೇಕ ಗ್ಯಾಸಿನ ನೋವು. ತಿಂದದ್ದರಿಂದ ಬಂದ ಗ್ಯಾಸಲ್ಲ. ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್‌ನಲ್ಲಿ, ಹೊಟ್ಟೆ ಉಬ್ಬಿಸಲು ತುಂಬುವ ಕಾರ್ಬನ್ ಡೈಆಕ್ಸೈಡ್. ಅದು ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಕೆಣಕುತ್ತದೆ. ವಪೆಯ ನರಕ್ಕೂ ಭುಜಕ್ಕೂ ನಂಟಿರುವುದರಿಂದ ನೋವು ಅಲ್ಲಿ ಕಾಣಿಸುತ್ತದೆ. ನನ್ನನ್ನೂ 4 ದಿನ ಕಾಡಿತ್ತು, ಹೊಲಿಗೆಗಿಂತ ಅದೇ ಹಿಂಸೆ.

ಮೊದಲು ಮನೆಯೊಳಗೇ ಆಗಾಗ 5 ನಿಮಿಷ ನಡೆಯಿರಿ. ಮಲಗಿದಲ್ಲಿಂದ ನೇರ ಎದ್ದು ಕೂರಬೇಡಿ: ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈಯೂರಿ ಏಳಿ. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಅವುಚಿಕೊಳ್ಳಿ. ಬರೆದುಕೊಟ್ಟ ನೋವಿನ ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗಿ.

ನಿಮ್ಮನ್ನು ನೋಡದೆ ಖಚಿತವಾಗಿ ಹೇಳಲಾಗದು. ಜ್ವರ, ಕಣ್ಣು ಹಳದಿ, ನಿಲ್ಲದ ವಾಂತಿ, ಏರುತ್ತಲೇ ಇರುವ ಹೊಟ್ಟೆನೋವು, ಎದೆನೋವು, ಏದುಸಿರು, ಇವುಗಳಲ್ಲಿ ಒಂದಿದ್ದರೂ ಈಗಲೇ ಆಸ್ಪತ್ರೆಗೆ ಹೋಗಿ.